ಅಂಗಡಿಯಲ್ಲಿ ತೂಗುಹಾಕಿದ ಬ್ರೇಕ್ ಪೈಪು

ಬನಹಟ್ಟಿಯ ಶಿದ್ರಾಮಪ್ಪ ಮಿಸ್ತ್ರಿಯನ್ನು ಪೇಟೆಯ ಮಾಲಿನಂತೆ ಕಟ್ಟೆಯ ಮೇಲೆ ಇಟ್ಟಿದ್ದರೆ, ಸವಾಲು ಕೂಗುವವನು ಒಂದೇ ಕೂಗಿಗೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಎತ್ತರ ಐದು ಫೂಟಿಗೆ ಎರಡು ಬೆರಳು ಕಡಿಮೆ. ತೂಕ ಬೆಲ್ಲದ ನಾಲ್ಕು ದೊಡ್ಡ ಅಚ್ಚಿನಷ್ಟು, ಪೇಟೆಯ ಮಾತಿನಲ್ಲಿ ನಾಲ್ಕು ಪೆಂಟಿ; ಅದರಲ್ಲಿಯೂ ಅರ್ಧ ಪೆಂಟಿ ಮೈಗೆ ಮೆತ್ತಿದ ಗ್ರೀಸು. ಒಂದು ಕಣ್ಣು ಸಣ್ಣದು; ಪೈಪಿನ ತೂತಿನೊಳಗೆ ನೋಡೀ ನೋಡೀ ಹಾಗಾಯಿತೆಂದು ಅವನ ಹಿತೈಷಿಗಳು ಹೇಳುತ್ತಿದ್ದರು. ಹಿತೈಷಿಗಳು ಇಬ್ಬರಿದ್ದರು. ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಉದ್ದ ಬಿಟ್ಟು, ಸ್ವಚ್ಛವಾಗಿಟ್ಟುಕೊಂಡಿದ್ದ. ಉಳಿದ ಒಂಬತ್ತೂ ಕಪ್ಪು. ಬೆಲ್ಲದ ಪೆಂಟಿಗೆ ಚೂರಿ ಹಾಕಿ ಒಳಗಿನ ಬಣ್ಣ ನೋಡುವುದು ಜಮಖಂಡಿ ಪೇಟೆಯ ಅನಂತಪ್ಪನ ಕಸುಬು. ಮೊದಲ ದಿನವೇ ಈ ಮನುಷ್ಯನಿಗೂ ಎರಡು ಮಾತು ಚುಚ್ಚಿ ನೋಡಿದ. ಒಳಗೂ ಹೊರಗಿನ ಬಣ್ಣವೇ ಇತ್ತು. ಸಿಹಿಯಂತೂ ಎಲ್ಲಿಯೂ ಕೈಗೆ ಹತ್ತಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆರಡರ ಸುಗ್ಗಿಯ ಮಾತು. ಅನಂತಪ್ಪನ ತಮ್ಮ ಜಿನ್ನಪ್ಪ ಮ್ಯಾಟ್ರಿಕ್‌ನಲ್ಲಿ ಮೂರು ಸಲ ಕೂತು ಮೂರು ಸಲವೂ ಎದ್ದು ಬಂದವನು. ಅಂಗಡಿಯ ಗಾದಿಯ ಮೇಲೆ ಕೂರಿಸಿದರೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಸಪ್ಪಳ ಕೇಳಿ, ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದ. ಬಸ್ ಸ್ಟ್ಯಾಂಡಿನ ಡ್ರೈವರುಗಳ ಜೊತೆ ಇದ್ದು ಇದ್ದು ಗಾಡಿ ಹೊಡೆಯುವುದನ್ನು ಕಲಿತಿದ್ದ, ಲೈಸೆನ್ಸೂ ತೆಗೆದಿದ್ದ. "ನನ್ನ ಸಣ್ಣ ಮಗನಿಗೊಂದು ದಾರಿ ಮಾಡು, ಇಲ್ಲಾಂದ್ರ ಊಟ ಬಿಡ್ತೀನಿ" ಎಂದು ತಾಯಿ ಹೇಳಿದಳು. ಬೇರೆ ಮನೆಗಳಲ್ಲಿ ಇದು ಬರೀ ಹೆದರಿಕೆ. ಜೈನರ ಮನೆಯಲ್ಲಿ ಮುದುಕಿ ಊಟ ಬಿಡುತ್ತೇನೆ ಎಂದರೆ ಬಿಟ್ಟೇಬಿಡುತ್ತಾಳೆ, ಮೇಲೆ ಸಲ್ಲೇಖನವೆಂದು ಊರವರು ಕೈ ಮುಗಿಯಲು ಬರುತ್ತಾರೆ. ಅನಂತಪ್ಪ ಲಾರಿ ಹುಡುಕಲು ಹೊರಟ.

ಲಾರಿ ಸಿಕ್ಕದ್ದು ಮುಧೋಳದಲ್ಲಿ, ಹತ್ತಿ ಗಿರಣಿಯೊಂದರ ಹಿತ್ತಲಿನಲ್ಲಿ. ಯುದ್ಧಕಾಲದ ಮಿಲಿಟರಿ ಗಾಡಿ. ಒಂಬತ್ತು ವರ್ಷ ನಿಂತಲ್ಲೇ ನಿಂತಿತ್ತು. ಹಲಗೆ ಸೀಳಿಕೊಂಡು ಜಾಲಿಗಿಡ ಬೆಳೆದಿತ್ತು, ಕ್ಯಾಬಿನ್ನಿನಲ್ಲಿ ಬೇಟೆನಾಯಿಯೊಂದು ಮರಿ ಹಾಕಿತ್ತು. ಗಿಡ ಕಡಿಸಿ, ನಾಯಿಯನ್ನು ಒಪ್ಪಿಸಿ, ಎಂಜಿನ್ನು ಒಬ್ಬರ ಕಡೆ, ಬಾಡಿ ಒಬ್ಬರ ಕಡೆ ಮಾಡಿಸಿದ್ದಾಯಿತು. ಉಳಿದದ್ದು ಬ್ರೇಕು. ಎಣ್ಣೆ ಹರಿಯುವ ಪೈಪುಗಳೆಲ್ಲ ತುಕ್ಕು ತಿಂದು, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಯಾರನ್ನು ಕೇಳಿದರೂ "ಬ್ರೇಕಂದ್ರ ಬನಹಟ್ಟಿ ಶಿದ್ರಾಮಪ್ಪ" ಎನ್ನುವರು. ಹಾಗೆ ಹೇಳಿದ ಬಾಯಿಂದಲೇ ಅವನಿಗೆ ಎರಡು ಬೈಗುಳವನ್ನೂ ಹಾಕುವರು. ನೇಕಾರರ ಮನೆಯಲ್ಲಿ ಹುಟ್ಟಿ, ಹದಿನೆಂಟಕ್ಕೆ ಪುಣೆಯ ಮಿಲಿಟರಿ ವರ್ಕ್‌ಶಾಪಿಗೆ ಓಡಿಹೋಗಿ, ಅಲ್ಲಿ ಬ್ರೇಕಿನ ಕೆಲಸವನ್ನೂ ಯಾರಿಗೂ ನಮಸ್ಕಾರ ಮಾಡದಿರುವುದನ್ನೂ ಕಲಿತು ಬಂದವನು ಶಿದ್ರಾಮಪ್ಪ.

ಜಮಖಂಡಿ ಪೇಟೆಯಲ್ಲಿ ದರ ಕುದುರಿಸುವುದು ಬಾಯಿಂದಲ್ಲ. ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ಮಾತಾಡಬೇಕು, ಸುತ್ತ ನಿಂತವರಿಗೆ ಗೊತ್ತಾಗಬಾರದು. ಅನಂತಪ್ಪ ಬನಹಟ್ಟಿಯ ಆ ತಗಡಿನ ಶೆಡ್ಡಿನಲ್ಲಿಯೂ ಅದೇ ರಿವಾಜಿನಂತೆ ತನ್ನ ಜರಿ ಅಂಚಿನ ಶಲ್ಯವನ್ನು ಕೈಯ ಮೇಲೆ ಹರವಿಕೊಂಡು ಮುಂದೆ ಚಾಚಿದ. ಶಿದ್ರಾಮಪ್ಪ ಶಲ್ಯ ತೆಗೆದುಕೊಂಡ. ಎರಡೂ ಕೈ ಒರೆಸಿಕೊಂಡ, ಬೆರಳ ಸಂದು ಸಂದು ತಿಕ್ಕಿದ, ನಾಲ್ಕು ಮಡಿಕೆ ಮಾಡಿ ತಿರುಗಿ ಕೊಟ್ಟ.

"ಛಲೋ ಅರಿವಿ ಐತ್ರಿ, ಸಾವಕಾರ್ರ. ಮುಂದಿನ ಸಲ ಬರುವಾಗ ಇನ್ನೊಂದ ತರ್ರಿ."

"ಕೂಲಿ ಎಷ್ಟಂತ ಮಾತಾಡೂದು ಬ್ಯಾಡೇನೋ ಮಿಸ್ತ್ರಿ?" ಎಂದ ಅನಂತಪ್ಪ, ಸಿಟ್ಟನ್ನು ನುಂಗುತ್ತ.

"ಮಾತಾಡೂದ ಏನೈತಿ. ನಾ ಹೇಳಿದ್ದ ಕೂಲಿ. ಬ್ಯಾಡಂದ್ರ ಬ್ರೇಕ್ ಇಲ್ಲದ ಓಡಿಸ್ರಿ. ಇಳಿಜಾರದಾಗ ಲಗೂನ ಹೋಗತೀರಿ, ಡೀಸೆಲ್ಲೂ ಉಳೀತೈತಿ."

ಕೂಲಿ ಅವನದು, ಮಾಲು ಗಾಡಿಯ ಮಾಲೀಕನದು. ಇದು ಅವನ ಕಟ್ಟಳೆ. ಹಿಂದಿನ ಗಾಲಿಗೆ ಹೋಗುವ ಪೈಪು ಇಪ್ಪತ್ತೆರಡು ಫೂಟು ಬೇಕು, ಉಕ್ಕಿನದೇ ಬೇಕು, ಮಿರಜದಿಂದ ತನ್ನಿ ಎಂದ. ಅನಂತಪ್ಪ ಎಂದಿಗೂ ಇನ್ನೊಬ್ಬನ ಅಳತೆಯ ಮೇಲೆ ಮಾಲು ತಂದವನಲ್ಲ. ಜಿನ್ನಪ್ಪನನ್ನು ಗಾಡಿಯ ಕೆಳಗೆ ಮಲಗಿಸಿ, ಬ್ರೇಕಿನ ಎಣ್ಣೆ ತುಂಬುವ ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಅಚ್ಚಿನವರೆಗೆ ಚೀಲ ಹೊಲಿಯುವ ಸುತಳಿ ಹಿಡಿಸಿ, ತಾನು ಇನ್ನೊಂದು ತುದಿ ಜಗ್ಗಿ ಅಳೆದ. ಹತ್ತೊಂಬತ್ತು ಫೂಟು. ಮತ್ತೊಮ್ಮೆ ಅಳೆದ. ಹತ್ತೊಂಬತ್ತೇ.

"ಮೂರು ಫೂಟು ಯಾರ ಮನಿಗೆ ಹೋಗೂದು?" ಎಂದು ತಮ್ಮನನ್ನು ಕೇಳಿದ.

"ಅಣ್ಣಾ, ಅಂವಗ ಗೊತ್ತಿರತೈತಿ. ಸುಮ್ಮನಿರು" ಎಂದ ಜಿನ್ನಪ್ಪ ಗಾಡಿಯ ಕೆಳಗಿನಿಂದಲೇ.

ಅನಂತಪ್ಪ ಹತ್ತೊಂಬತ್ತೇ ಫೂಟು ತಂದ. ಶಿದ್ರಾಮಪ್ಪ ಪೈಪನ್ನು ಒಂದು ಸಲ ನೋಡಿದ, ಗೋಡೆಗೆ ಆನಿಸಿದ, ಎಂಟು ದಿನ ಮುಟ್ಟಲಿಲ್ಲ. ಕೊನೆಗೆ ಅನಂತಪ್ಪ ಹಲ್ಲು ಕಡಿಯುತ್ತ ಮತ್ತೆ ಮಿರಜಕ್ಕೆ ಹೋಗಿ ಇಪ್ಪತ್ತೆರಡು ಫೂಟಿನ ಅಖಂಡ ಪೈಪು ತಂದ. ತಂದವನು, ಕಳವು ಎಲ್ಲಿ ನಡೆಯುತ್ತದೆ ನೋಡೇಬಿಡುತ್ತೇನೆ ಎಂದು ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತ.

ಕಳವು ಕಾಣಲಿಲ್ಲ. ಕೆಲಸ ಕಂಡಿತು. ಶಿದ್ರಾಮಪ್ಪ ಮೊದಲು ಪೈಪಿಗೆ ಕೈ ಹಚ್ಚಲೇ ಇಲ್ಲ. ದಪ್ಪ ತಂತಿಯೊಂದನ್ನು ಗಾಡಿಯ ಅಡಿಯಲ್ಲಿ ಚಾಸಿಯ ಚೌಕಟ್ಟಿನ ಉದ್ದಕ್ಕೂ ಹಾಯಿಸಿ, ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿಸಿ, ಅದನ್ನು ಹಾಗೇ ತಂದು ನೆಲದ ಮೇಲೆ ಮಲಗಿಸಿದ. ಅದು ಅವನ ನಕ್ಷೆ. ಆಮೇಲೆ ಪೈಪನ್ನು ಆ ತಂತಿಯ ಮಗ್ಗುಲಲ್ಲಿಟ್ಟು ಬಾಗಿಸತೊಡಗಿದ. ಸುತ್ತಿಗೆ ಇಲ್ಲ, ಬೆಂಕಿ ಇಲ್ಲ. ಮುರಿದ ಮಗ್ಗದ ದುಂಡು ಕಟ್ಟಿಗೆಯೊಂದನ್ನು ಕಂಬಕ್ಕೆ ಬಿಗಿದಿದ್ದ. ಅದರ ಮೇಲೆ ಪೈಪಿಟ್ಟು, ಎರಡೂ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಿದ್ದ, ಕೂಸಿಗೆ ಎಣ್ಣೆ ಹಚ್ಚಿ ಕಾಲು ನೀವಿದಂತೆ. ಒಂದೇ ಸಲ ಒತ್ತಿದರೆ ಪೈಪು ಚಪ್ಪಟೆಯಾಗುತ್ತದೆ, ಚಪ್ಪಟೆಯಾದ ಕಡೆ ಎಣ್ಣೆ ತಡೆಯುತ್ತದೆ. ಈ ಮನುಷ್ಯನಲ್ಲಿದ್ದ ನಯವೆಲ್ಲ ಪೈಪಿಗೇ ಖರ್ಚಾಗಿ, ಮಂದಿಗೆ ಕೊಡಲು ಏನೂ ಉಳಿದಿಲ್ಲ ಎಂದು ಅನಂತಪ್ಪನಿಗೆ ಅನಿಸಿತು.

ಬಾಗಿಸುವುದಕ್ಕಿಂತ ಕಷ್ಟದ್ದು ಪೈಪಿನ ಬಾಯಿ ಅರಳಿಸುವುದು. ತುದಿಯನ್ನು ಅರದಿಂದ ಸಮ ಮಾಡಿ, ಮೊದಲು ನಟ್ಟನ್ನು ಪೈಪಿಗೆ ಏರಿಸಿ, ಆಮೇಲೆ ಎರಡು ಕಬ್ಬಿಣದ ದವಡೆಗಳ ನಡುವೆ ಪೈಪನ್ನು ಕಚ್ಚಿಸಿ, ಮೇಲಿನಿಂದ ತಿರುಪು ಬಿಗಿಯಬೇಕು. ಮೊದಲ ಸಲಕ್ಕೆ ಬಾಯಿ ಉಬ್ಬಿ ಒಳಗೆ ಬಾಗುತ್ತದೆ. ಎರಡನೆಯ ಸಲಕ್ಕೆ ಆ ಅಂಚು ತನ್ನ ಮೇಲೆ ತಾನೇ ಮಡಚಿ ಕೂರುತ್ತದೆ, ಸೀರೆಯ ಸೆರಗನ್ನು ಎರಡು ಸುತ್ತು ಮಡಚಿ ಹೊಲಿದಂತೆ. ನಟ್ಟು ಬಂದು ಆ ಮಡಿಕೆಯನ್ನೇ ಹಿಡಿದು ಬಿಗಿಯುತ್ತದೆ. ಅರಳಿದ ಮೇಲೆ ನಟ್ಟು ಏರಿಸುತ್ತೇನೆಂದರೆ ಏರುವುದಿಲ್ಲ.

"ಇದನ್ನ ಎರಡೆರಡ ಸಲ ಮಡಚೂದು ಯಾಕ? ಒಂದ ಸಲ ಮಡಚಿದ್ರ ಸಾಲೂದಿಲ್ಲೇನು?" ಎಂದ ಅನಂತಪ್ಪ. ಶಿದ್ರಾಮಪ್ಪ ತಿರುಪು ಬಿಗಿಯುತ್ತಲೇ ಇದ್ದ. "ಇದರಾಗ ಪೈಪ್ ಎಷ್ಟ ತಿನ್ನತೈತಿ? ಅಲ್ಲಾ, ಎಷ್ಟ ತಿನ್ನತೈತಿ ಅಂತ ಕೇಳಾಕತ್ತೇನಿ."

ಶಿದ್ರಾಮಪ್ಪ ತಿರುಪು ಬಿಚ್ಚಿದ. ಬಾಯಿ ಗುಲಗಂಜಿಯಷ್ಟು ಚೆಂದ ಅರಳಿತ್ತು. ಅವನ ಮುಖ ಮಾತ್ರ ಕಪ್ಪಿಟ್ಟಿತು. ನಟ್ಟು ಬೆಂಚಿನ ಮೇಲೆಯೇ ಕೂತಿತ್ತು. ಗರಗಸ ತೆಗೆದುಕೊಂಡು ಅರಳಿದ ಬಾಯನ್ನು ಕೊಯ್ದು, ಆ ತುಂಡನ್ನು ಅನಂತಪ್ಪನ ಅಂಗೈಯಲ್ಲಿಟ್ಟ.

"ಈ ಇಂಚ ನಿಮ್ಮ ಬಾಯಿಗೆ ಹೋತ್ರಿ. ಬಾಯಿ ಇನ್ನೂ ನಡದ್ರ ಪೈಪ್ ಸಾಲೂದಿಲ್ಲ."

ಅನಂತಪ್ಪ ತುಂಡನ್ನು ಕಿಸೆಗೆ ಹಾಕಿಕೊಂಡ, ಇಂಚಾದರೂ ಇಂಚೇ. ಮತ್ತೆ ಬಾಯಿ ತೆರೆಯಲಿಲ್ಲ. ಶಿದ್ರಾಮಪ್ಪ ಎರಡನೆಯ ಸಲ ಅರಳಿಸಿದ ಮೇಲೆ ಆ ಒಂದು ಸ್ವಚ್ಛ ಉಗುರನ್ನು ಮಡಿಕೆಯ ಅಂಚಿನ ಸುತ್ತ ನಿಧಾನವಾಗಿ ಆಡಿಸಿದ. ಕಣ್ಣಿಗೆ ಕಾಣದ ಬಿರುಕು ಉಗುರಿಗೆ ತಾಗುತ್ತದೆ. ತಾಗಲಿಲ್ಲ. "ಹೂಂ" ಎಂದ. ಅವನ ಬಾಯಲ್ಲಿ ಅದೊಂದೇ ಹೊಗಳಿಕೆ ಇದ್ದದ್ದು.

ಗಾಡಿ ತೆಗೆದುಕೊಂಡು ಹೋಗುವ ದಿನ ಅನಂತಪ್ಪ ಧೋತರ ಎತ್ತಿಕಟ್ಟಿ ಬಗ್ಗಿ ನೋಡಿದ. ಮಾಸ್ಟರ್ ಸಿಲಿಂಡರಿನ ಮಗ್ಗುಲಲ್ಲಿ ಪೈಪು ನೆಟ್ಟಗೆ ಹೋಗುವ ಬದಲು ಎರಡು ದೊಡ್ಡ ಸುರುಳಿ ಸುತ್ತಿಕೊಂಡು ಮುಂದೆ ಹೋಗಿತ್ತು. ಮೂರು ಫೂಟು ಎಲ್ಲಿ ಹೋಗಿದೆ ಎಂದು ಈಗ ತಿಳಿಯಿತು.

"ಇದೇನಿದು, ಜಿಲೇಬಿ ಹಾಕೀಯಲ್ಲ!"

"ಸುರುಳಿ ಬೇಕ್ರಿ."

"ಯಾಕ ಬೇಕು? ಎಣ್ಣಿ ಏನ ಅಲ್ಲಿ ಗಿರಗಿಟ್ಲಿ ಆಡತೈತೇನು? ನಾಳೆ ರಿಪೇರಿ ಅಂತ ಗಾಡಿ ಬಂದ್ರ ಇದನ್ನ ಬಿಚ್ಚಿ ಇನ್ನೊಬ್ಬರಿಗೆ ಹಾಕಾಕ ಬರತೈತಿ, ಹೌದಲ್ಲೋ?" ಶೆಡ್ಡಿನ ಮುಂದೆ ನಿಂತಿದ್ದ ಐದಾರು ಮಂದಿಯ ಎದುರಿಗೆ ಕಿಸೆಯಿಂದ ಸುತಳಿ ತೆಗೆದು ಹಿಡಿದ. "ನೋಡ್ರಿ ಎಲ್ಲಾರೂ. ಸುತಳಿ ಹತ್ತೊಂಬತ್ತ, ಪೈಪ್ ಇಪ್ಪತ್ತೆರಡ. ಸುತಳಿ ಸುಳ್ಳ ಹೇಳೂದಿಲ್ಲ."

ಶಿದ್ರಾಮಪ್ಪ ಸಣ್ಣ ಕಣ್ಣನ್ನು ಇನ್ನೂ ಸಣ್ಣದು ಮಾಡಿದ. "ಸುತಳಿ ಓಡೂದಿಲ್ರಿ, ಲಾರಿ ಓಡತೈತಿ. ತೆಗ್ಗಿನಾಗ ಬಿದ್ದಾಗ ಚಾಸಿ ಮೈ ಮುರೀತೈತಿ. ಪೈಪ್ ಬಿಗದಿದ್ರ ಬಾಯಾಗ ಹರೀತೈತಿ. ಸುರುಳಿ ಇದ್ರ ಜಗ್ಗಿ ಬಿಡತೈತಿ. ಇಷ್ಟ ಮಾತು ನಾ ಯಾರಿಗೂ ಹೇಳೂದಿಲ್ಲ, ನಿಮಗ ಹೇಳೇನಿ. ಇನ್ನೊಮ್ಮಿ ಹೇಳೂದಿಲ್ಲ. ನಡೀರಿ ಇಲ್ಲಿಂದ."

ಅನಂತಪ್ಪ ನಡೆದ. ಆದರೆ ಐದಾರು ಮಂದಿಯ ಎದುರಿಗೆ "ನಡೀರಿ" ಎನ್ನಿಸಿಕೊಂಡ ವ್ಯಾಪಾರಿಗೆ ಮನೆಯವರೆಗೂ ಆ ಮಾತು ಬೆನ್ನಿಗೆ ಹತ್ತಿಕೊಂಡೇ ಬರುತ್ತದೆ. ತನ್ನ ಅಳತೆ ಖರೆ ಎಂದು ತೋರಿಸದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ. ಹಿಪ್ಪರಗಿ ಕಡೆ ಹೊಳೆಯ ದಂಡೆಯಲ್ಲಿ ನೀರೆತ್ತುವ ಪಂಪುಗಳನ್ನು ಜೋಡಿಸುವ ಫಿಟ್ಟರೊಬ್ಬನನ್ನು ಕರೆಸಿದ. ಅವನಿಗೆ ಪೈಪೆಂದರೆ ಪೈಪು, ನೀರಿನದಾದರೇನು, ಬ್ರೇಕಿನದಾದರೇನು. ಸುರುಳಿಗಳನ್ನು ಕೊಯ್ದು ತೆಗೆದ, ಉಳಿದ ತುದಿಯ ಬಾಯನ್ನು ಒಂದೇ ಮಡಿಕೆಗೆ ಅರಳಿಸಿದ, ಸಿಲಿಂಡರಿಗೆ ಜಗ್ಗಿ ಬಿಗಿದ. ಪೈಪು ತಂಬೂರಿಯ ತಂತಿಯಂತೆ ನೆಟ್ಟಗೆ ನಿಂತಿತು. ಪೆಡಲು ಒತ್ತಿದರೆ ಗಾಡಿಯೂ ನಿಂತಿತು.

ಉಳಿದ ಮೂರು ಫೂಟು ಪೈಪನ್ನು ಅನಂತಪ್ಪ, ಸುರುಳಿ ಸಮೇತ, ಅಂಗಡಿಯಲ್ಲಿ ತಕ್ಕಡಿಯ ಮಗ್ಗುಲಿಗೆ ಮೊಳೆ ಹೊಡೆದು ತೂಗುಹಾಕಿದ. ಬೆಲ್ಲಕ್ಕೆ ಬಂದವರು, ಕುಸುಬಿ ತಂದವರು, ಸುಮ್ಮನೆ ನೆರಳಿಗೆ ಬಂದವರು, ಎಲ್ಲರಿಗೂ ಕೇಳದೆಯೇ ತೋರಿಸಿದ. "ಇದೇನಂದ್ರಿ? ಬನಹಟ್ಟಿ ಶಿದ್ರಾಮಪ್ಪನ ಕಳವು." ಎಂಟು ದಿನದಲ್ಲಿ ಪೇಟೆ ಪೂರ್ತಿ ನಕ್ಕಿತು. ಅಷ್ಟು ಹೊತ್ತಿಗೆ ಜಿನ್ನಪ್ಪ ಊರೊಳಗೆ, ಬಯಲಿನಲ್ಲಿ, ಬರಿ ಗಾಡಿ ಓಡಿಸಿ ಕೈ ಪಳಗಿಸಿಕೊಂಡಿದ್ದ. ಬ್ರೇಕಿನ ಎಣ್ಣೆ ಎರಡು ಸಲ ಕಡಿಮೆಯಾಗಿತ್ತು. ಹೊಸದಾಗಿ ಜೋಡಿಸಿದ್ದು ಸ್ವಲ್ಪ ಕುಡಿಯುತ್ತದೆ ಎಂದು ಪಂಪಿನ ಫಿಟ್ಟರ್ ಹೇಳಿದ. ಅದೂ ಶಿದ್ರಾಮಪ್ಪನ ಕರಾಮತ್ತೇ ಇರಬೇಕು ಎಂದು ಅನಂತಪ್ಪ ಹೇಳಿದ.

ಮೊದಲ ಲೋಡು ಬೆಲ್ಲ ಬಾಗಲಕೋಟೆಯ ರೈಲಿಗೆ ಹೋಗಬೇಕಿತ್ತು, ಬೀಳಗಿಯ ಮೇಲೆ ಹಾಯ್ದು. ಬೀಳಗಿಯ ಈಚೆಗೆ ಗುಡ್ಡದ ಇಳಿಜಾರು, ಇಳಿಜಾರಿನ ಬುಡದಲ್ಲಿ ತಿರುವು, ತಿರುವಿನ ಆಚೆ ಹಳ್ಳ. ಮುಂಜಾನೆ ಹತ್ತರ ಹೊತ್ತಿಗೆ ಪೇಟೆಯ ನಡುವೆ ಲಾರಿ ತುಂಬಿ ನಿಂತಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟಿದ್ದರು. ಜಿನ್ನಪ್ಪ ಸ್ಟೇರಿಂಗಿಗೆ ಹೂವಿನ ಸರ ಸುತ್ತಿ ಕೂತಿದ್ದ. ತಾಯಿ ಆರತಿ ಮಾಡಿ ಅದೇ ತಾನೇ ಮನೆಗೆ ಹೋಗಿದ್ದಳು.

ಆಗ ಬಂದ ಶಿದ್ರಾಮಪ್ಪ. ಯಾರೋ ಬನಹಟ್ಟಿಗೆ ಸುದ್ದಿ ಮುಟ್ಟಿಸಿದ್ದರು. ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಅನಂತಪ್ಪನನ್ನು ನೋಡಲಿಲ್ಲ. ಅಂಗಡಿಯ ಕಟ್ಟೆ ಹತ್ತಿ, ತೂಗುಹಾಕಿದ ಪೈಪನ್ನು ಬೆರಳಿಂದ ಮುಟ್ಟಿ ನೋಡಿದ, ಸುರುಳಿ ಎರಡೂ ಇವೆಯೇ ಎಂದು ಎಣಿಸಿದ.

"ಏನಪಾ ಮಿಸ್ತ್ರಿ, ನಿನ್ನ ಮಾಲು ಗುರ್ತ ಹಿಡದೇನು?" ಎಂದ ಅನಂತಪ್ಪ ಗಾದಿಯ ಮೇಲಿಂದ. ಕೂತಿದ್ದವರು ನಕ್ಕರು.

ಶಿದ್ರಾಮಪ್ಪ ಕಟ್ಟೆ ಇಳಿದ. ಸೀದಾ ಹೋಗಿ ಲಾರಿಯ ಕೆಳಗೆ ಮಲಗಿದ. ತೊಳೆದ ಅಂಗಿ ಮಣ್ಣಾಯಿತು. ಆಮೇಲೆ ಕಟಕ್ ಎಂದಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ, ಇನ್ನೊಂದು ಕೈ ಮೊಳಕೈವರೆಗೆ ಎಣ್ಣೆ. ಲಾರಿಯ ಅಡಿಯಿಂದ ಬ್ರೇಕಿನ ಎಣ್ಣೆ ಹನಿ ಹನಿಯಾಗಿ ಮಣ್ಣಿಗೆ ಬೀಳುತ್ತಿತ್ತು.

"ಈಗ ಬಿಡು ಗಾಡಿ" ಎಂದ ಜಿನ್ನಪ್ಪನಿಗೆ. "ಬಿಡಲೇ ನೋಡೋಣು."

ಪೇಟೆಗೆ ಪೇಟೆಯೇ ಎದ್ದು ನಿಂತಿತು. ಅನಂತಪ್ಪ ಬರಿಗಾಲಲ್ಲಿ ಓಡಿಬಂದು ಅವನ ಅಂಗಿಯ ಕಾಲರು ಹಿಡಿದ. "ಕಳ್ಳ ಸೂಳೆಮಗನ, ನನ್ನ ತುಂಬಿದ ಗಾಡಿ ಕೆಡಸ್ತೀಯಾ?"

"ಕೆಡಸೇನಿ. ಕರೀರಿ ಫೌಜದಾರನ್ನ" ಎಂದ ಶಿದ್ರಾಮಪ್ಪ. ಕಾಲರು ಬಿಡಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ.

ಠಾಣೆಯಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಯಾಕೆ ಕೊಯ್ದೆ ಎಂದು ಫೌಜದಾರರು ಎರಡು ಸಲ ಕೇಳಿದರು. ಅವನು ಗೋಡೆ ನೋಡಿದ. ಮೂರನೆಯ ಸಲ ದನಿ ಏರಿಸಿದಾಗ, "ನನ್ನ ಮಾತು ಇವರ ಅಂಗಡ್ಯಾಗ ಮೊಳಿಗೆ ತೂಗ್ಹಾಕ್ಯಾರ್ರಿ ಸಾಹೇಬ್ರ. ಅಲ್ಲೇ ಹೋಗಿ ಕೇಳ್ರಿ" ಎಂದು ಮತ್ತೆ ಗೋಡೆಗೆ ತಿರುಗಿದ.

ಮಧ್ಯಾಹ್ನ ಅವನ ಹೆಂಡತಿ ಶೇವಂತಿ ಬುತ್ತಿ ಹೊತ್ತು ಬಂದಳು. ಬಾಗಿಲಲ್ಲಿ ಅನಂತಪ್ಪನೇ ಎದುರಾದ. ಬುತ್ತಿ ಬಿಚ್ಚಿ ಒಂದು ರೊಟ್ಟಿ ತೆಗೆದು ಅವನ ಮುಖದ ಮುಂದೆ ಹಿಡಿದಳು.

"ಕಳ್ಳನ ಹೇಣ್ತಿ ಬಂದೇನ್ರಿ, ಸಾವಕಾರ್ರ. ರೊಟ್ಟಿ ಅಳದ ಬಿಡ್ರಿ. ಸುತಳಿ ತಂದೀರಿಲ್ಲೋ?"

ಅನಂತಪ್ಪ ಪಕ್ಕಕ್ಕೆ ಸರಿದ. ಪುರಾವೆ ಬೇಕೆಂದು ಫೌಜದಾರರು ಹೇಳಿದ್ದರಿಂದ ಕೊಯ್ದ ಪೈಪಿನ ತುಂಡನ್ನು, ಗೇಣುದ್ದದ್ದು, ನಟ್ಟಿನ ಸಮೇತ ಬಿಚ್ಚಿಸಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಮೇಜಿನ ಮೇಲಿಟ್ಟು, ಕೊಯ್ದ ತುದಿ ತೋರಿಸಿದ.

"ಇಲ್ಲೆ ನೋಡ್ರಿ ಸಾಹೇಬ್ರ. ಎಂಥಾ ಛಲೋ ಪೈಪು. ಹೆಂಗ ಕೊಯ್ದಾನ."

ಜಿನ್ನಪ್ಪ ಹಿಂದೆ ನಿಂತಿದ್ದ. ಕೊಯ್ದ ತುದಿಯನ್ನು ಅವನು ನೋಡಲಿಲ್ಲ. ತುಂಡನ್ನು ಎತ್ತಿಕೊಂಡು ಇನ್ನೊಂದು ತುದಿಯ ನಟ್ಟನ್ನು ಹಿಂದಕ್ಕೆ ಸರಿಸಿದ, ಅಂಗಿಯ ತುದಿಯಿಂದ ಎಣ್ಣೆ ಒರೆಸಿದ, ಅರಳಿದ ಬಾಯಿಯ ಸುತ್ತ ಹೆಬ್ಬೆರಳ ಉಗುರು ಆಡಿಸಿದ. ಬನಹಟ್ಟಿಯ ಶೆಡ್ಡಿನಲ್ಲಿ ಅಣ್ಣ ಕಳವು ಹುಡುಕುತ್ತ ಕೂತಾಗ ಅವನು ಕೆಲಸ ನೋಡುತ್ತಿದ್ದ. ಉಗುರು ಅರ್ಧ ಸುತ್ತು ಹೋಗಿ ನಿಂತಿತು. ಸ್ವಲ್ಪ ಒತ್ತಿದ. ಬಾಯಿಯ ಅರ್ಧ ಅಂಚು ಕಳಚಿ, ಕತ್ತರಿಸಿದ ಉಗುರಿನಂತೆ, ಫೌಜದಾರರ ಮೇಜಿನ ಮೇಲೆ ಟಿಣ್ ಎಂದು ಬಿತ್ತು.

ಬೆಂಚಿನ ಮೇಲೆ ಶಿದ್ರಾಮಪ್ಪ ರೊಟ್ಟಿ ಮುರಿಯುತ್ತಿದ್ದ.

"ಅಣ್ಣಾ," ಎಂದ ಜಿನ್ನಪ್ಪ. ದನಿ ಮೆಲ್ಲಗಿತ್ತು. "ಎಂಟ ದಿನದಾಗ ಎರಡ ಸಲ ಎಣ್ಣಿ ಹಾಕೇನಿ. ಎಲ್ಲಿ ಹೋಗಾಕತ್ತಿತ್ತು ಅಂತ ಈಗ ತಿಳೀತು. ಬರಿ ಗಾಡ್ಯಾಗ ಇಷ್ಟ. ನೂರಿಪ್ಪತ್ತ ಚೀಲ ಹೇರಿಕೊಂಡ ಬೀಳಗಿ ಗುಡ್ಡಾ ಇಳಿಯಾವ ನಾ ಇದ್ದೆ. ನೀ ಅಂಗಡ್ಯಾಗ ಇರತಿದ್ದಿ."

ಫೌಜದಾರರು ಆ ಚೂರನ್ನು ಬೆರಳಿಂದ ಮುಂದೆ ತಳ್ಳಿದರು. "ಏನ್ರಿ ಅನಂತಪ್ಪನವರ, ಅಂವ ಕೊಯ್ದದ್ದು ಛಲೋ ಪೈಪೋ, ಇದೋ? ಹೆಂಗ ಬರ್ಕೊಳ್ಳೂಣು ಹೇಳ್ರಿ."

ಅನಂತಪ್ಪ ತನ್ನ ಜೀವಮಾನದಲ್ಲಿ ಅಂಥ ಕೆಟ್ಟ ಪುರಾವೆಯನ್ನು ತಾನೇ ಪೇಪರಿನಲ್ಲಿ ಸುತ್ತಿ, ತಾನೇ ಹೊತ್ತು ತಂದವನನ್ನು ಕಂಡಿರಲಿಲ್ಲ. ಬರೆದುಕೊಳ್ಳುವುದು ಬೇಡ ಎಂದ. ಶಿದ್ರಾಮಪ್ಪ ರೊಟ್ಟಿ ಮುಗಿಸಿ, ಕೈ ತೊಳೆದು, ಹೆಂಡತಿಯನ್ನು ಮುಂದೆ ಮಾಡಿಕೊಂಡು ಠಾಣೆಯಿಂದ ಹೋದ. ಹೋಗುವಾಗ ಜಿನ್ನಪ್ಪನ ಕಡೆ ತಿರುಗಿ "ಉಗುರ ಬೆಳಸು" ಎಂದ.

ಲಾರಿ ಬಿಸಿಲಲ್ಲಿ ನಿಂತಿತ್ತು. ಮೂರನೆಯ ದಿನಕ್ಕೆ ಬೆಲ್ಲ ಬೆವರತೊಡಗಿತು, ನಾಲ್ಕನೆಯ ದಿನಕ್ಕೆ ಇರುವೆ ಸಾಲು ಗಾಲಿಯ ಮೇಲೆ ಹತ್ತಿತು. ಪಂಪಿನ ಫಿಟ್ಟರನ್ನು ಕರೆಯುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ತಾಯಿ ಎರಡು ದಿನದಿಂದ ಹಿರಿಯ ಮಗನ ಎದುರಿಗೆ ಮೌನ ಹಿಡಿದಿದ್ದಳು. ಐದನೆಯ ದಿನ ಅನಂತಪ್ಪ ಇಪ್ಪತ್ತೆರಡು ಫೂಟು ಹೊಸ ಪೈಪು ಹೊತ್ತು ಬನಹಟ್ಟಿಗೆ ಹೋದ. ಹೋದವನು ಶೆಡ್ಡಿನ ಬಾಗಿಲಲ್ಲಿ ನಿಂತು, ತಪ್ಪಾಯಿತು ಎನ್ನುವ ಬದಲು, "ಪೈಪ್ ತಂದೀನಿ" ಎಂದ. ವ್ಯಾಪಾರಿಯ ಗಂಟಲಲ್ಲಿ ಕೆಲವು ಮಾತು ಹೊರಬರುವಷ್ಟು ಅಗಲದ ತೂತು ಇರುವುದಿಲ್ಲ.

ಶಿದ್ರಾಮಪ್ಪ ಎರಡು ಷರತ್ತು ಹಾಕಿದ. ಒಂದು, ಪೈಪು ಕೂರಿಸುವಾಗ ಅನಂತಪ್ಪನೇ ಗಾಡಿಯ ಕೆಳಗೆ ಮಲಗಿ ತುದಿ ಹಿಡಿಯಬೇಕು, ಬೇರೆ ಯಾರೂ ಹಿಡಿಯಕೂಡದು.

"ಇನ್ನೊಂದು?"

"ಅಂಗಡ್ಯಾಗಿಂದು ತಗೀಬ್ಯಾಡ್ರಿ. ಅಲ್ಲೇ ಇರಲಿ. ಯಾರ್ಯಾರಿಗೆ ಶಿದ್ರಾಮಪ್ಪನ ಕಳವು ಅಂತ ತೋರಿಸೀರಿ, ಅವರಿಗೆಲ್ಲಾ ಅಲ್ಲಂತ ಹೇಳ್ರಿ."

"ಆತು" ಎಂದ ಅನಂತಪ್ಪ.

ಪೇಟೆಯ ನಡುವೆ, ತುಂಬಿದ ಲಾರಿಯ ಅಡಿಯಲ್ಲಿ, ಇಸ್ತ್ರಿ ಧೋತರದ ಸಾವಕಾರ ಅಂಗಾತ ಮಲಗಿ ಪೈಪಿನ ತುದಿ ಹಿಡಿದುಕೊಂಡ. ಬೆಲ್ಲದ ನೀರು ಹಲಗೆಯ ಸಂದಿನಿಂದ ಹಣೆಯ ಮೇಲೆ ಬಿತ್ತು, ಇರುವೆ ಕುತ್ತಿಗೆಯೊಳಗೆ ಇಳಿಯಿತು. ಶಿದ್ರಾಮಪ್ಪ ಅವಸರ ಮಾಡಲಿಲ್ಲ. ಅವತ್ತು ಎಂದಿಗಿಂತ ನಿಧಾನವಿದ್ದ ಎಂದು ನೋಡಿದವರು ಹೇಳುತ್ತಾರೆ. ಎರಡು ಸುರುಳಿ ಸುತ್ತಿದ. ಎರಡು ಮಡಿಕೆ ಅರಳಿಸಿದ. ನಟ್ಟು ಬಿಗಿಯುವ ಮುಂಚೆ ಅನಂತಪ್ಪನ ಹೆಬ್ಬೆರಳು ಹಿಡಿದು ಮಡಿಕೆಯ ಸುತ್ತ ಆಡಿಸಿದ. "ತಾಗಿತೇನು?" "ಇಲ್ಲ." "ಹೂಂ." ಕೆಲಸ ಮುಗಿದಾಗ ಅನಂತಪ್ಪ ಎದ್ದು ಕೂತು, ತನ್ನ ಶಲ್ಯವನ್ನು ತಾನೇ ಮುಂದೆ ಹಿಡಿದ. ಶಿದ್ರಾಮಪ್ಪ ಅದನ್ನೊಮ್ಮೆ ನೋಡಿ, ತನ್ನ ಚಡ್ಡಿಗೇ ಕೈ ಒರೆಸಿಕೊಂಡ.

ಬೀಳಗಿ ಗುಡ್ಡದವರೆಗೆ ಅವನೂ ಬಂದ, ಲೋಡಿನ ಮೇಲೆ ಕೂತು. ಅನಂತಪ್ಪ ತಮ್ಮನ ಮಗ್ಗುಲಲ್ಲಿ ಕೂತಿದ್ದ. ಇಳಿಜಾರು ಶುರುವಾದಾಗ ಅವನ ಬಲಗಾಲು, ಪೆಡಲು ಇಲ್ಲದ ಕಡೆ, ಹಲಗೆಯನ್ನು ಒತ್ತುತ್ತಿತ್ತು. ಜಿನ್ನಪ್ಪ ಮೂರು ಸಲ ಬ್ರೇಕು ಹಾಕಿದ, ಮೂರು ಸಲವೂ ಗಾಡಿ ದನದ ಹಾಗೆ ಹೇಳಿದ ಮಾತು ಕೇಳಿತು. ತಿರುವಿನಲ್ಲಿ ಪೂರ್ತಿ ನಿಲ್ಲಿಸಿದ. ಹಳ್ಳ ಕಾಣುತ್ತಿತ್ತು, ತಳದ ಕಲ್ಲುಗಳೂ ಕಾಣುತ್ತಿದ್ದವು. ಶಿದ್ರಾಮಪ್ಪ ಇಳಿದು ಗಾಡಿಯ ಕೆಳಗೆ ಹೋಗಿ, ನಟ್ಟಿನ ಸುತ್ತ ಬೆರಳಾಡಿಸಿ ಬಂದು, ಆ ಬೆರಳನ್ನು ಕ್ಯಾಬಿನ್ನಿನ ಕಿಟಕಿಯಲ್ಲಿ ಅನಂತಪ್ಪನ ಮೂಗಿನ ಮುಂದೆ ಹಿಡಿದ.

"ಒಣಾ ಐತಿ. ನಂಬಿಗಿ ಇಲ್ಲಂದ್ರ ನೆಕ್ಕಿ ನೋಡ್ರಿ."

ಅಷ್ಟು ಹೇಳಿ, ಎದುರಿಗೆ ಬಂದ ಬಸ್ಸಿಗೆ ಕೈ ಮಾಡಿ ತಿರುಗಿ ಹೋದ. ಆಮೇಲೆ ಹದಿನಾರು ವರ್ಷ ಬದುಕಿದ್ದ. ಜಿನ್ನಪ್ಪನಿಗೆ ಮಿಸ್ತ್ರಿ ಕೆಲಸದ ಅರ್ಧ ಭಾಗವನ್ನೂ ಬೈಗುಳದ ಪೂರ್ತಿ ಭಾಗವನ್ನೂ ಕಲಿಸಿದ. ಅನಂತಪ್ಪನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ಅಂಗಡಿಯಲ್ಲಿ ಪೈಪು ಮೊಳೆಗೇ ಇತ್ತು. ಅನಂತಪ್ಪ ಮಾತಿಗೆ ತಪ್ಪಲಿಲ್ಲ, ಪೂರ್ತಿ ನಡೆಸಲೂ ಇಲ್ಲ. ಯಾರಾದರೂ ಕೇಳಿದರೆ "ಅದು ನನ್ನ ಅಳತಿ ತಪ್ಪು" ಎನ್ನುತ್ತಿದ್ದ. ಕೇಳಿದವರಿಗೆ ಮಾತ್ರ. ಕೇಳುವವರು ವರ್ಷ ವರ್ಷಕ್ಕೆ ಕಡಿಮೆಯಾದರು. ಶಿದ್ರಾಮಪ್ಪನ ಹೆಸರಿನ ಮುಂದಿನ "ಕಳವು" ಮಾತ್ರ ಸುತ್ತಲಿನ ಊರುಗಳಲ್ಲಿ ಹಾಗೇ ಓಡಾಡಿಕೊಂಡಿತ್ತು. ಪೇಟೆಯಲ್ಲಿ ಬಿಟ್ಟ ಮಾತಿಗೆ ಬ್ರೇಕು ಹಾಕುವ ಮಿಸ್ತ್ರಿ ಬನಹಟ್ಟಿಯಲ್ಲಿಯೂ ಇರಲಿಲ್ಲ.

ಎಂಬತ್ತೆಂಟರಲ್ಲಿ ಶಿದ್ರಾಮಪ್ಪ ತೀರಿಕೊಂಡ. ಮೂರನೆಯ ದಿನ ಅನಂತಪ್ಪ ಮಾತಾಡಿಸಲು ಹೋದ. ಶೇವಂತಿ ಬಾಗಿಲಲ್ಲಿಯೇ ಕೂತಿದ್ದಳು.

"ಕುಣಿ ಅಳೀಯಾಕ ಬಂದ್ರೇನ್ರಿ, ಸಾವಕಾರ್ರ? ಮುಚ್ಚಿ ಆತು."

"ಹಂಗಂತಿ ಯಾಕ ತಂಗಿ. ಅಂದಿನ ಮಾತು ನಡಸೇನಿ. ಕೇಳಿದವರಿಗೆಲ್ಲಾ ಹೇಳೇನಿ, ಶಿದ್ರಾಮಪ್ಪಂದು ತಪ್ಪಿಲ್ಲಂತ."

ಅವಳು ತಲೆ ಎತ್ತಿದಳು. "ಕಳ್ಳ ಅಂತ ಹೇಳುಮುಂದ ಕೇಳಿದವರಿಗಷ್ಟ ಹೇಳಿದ್ರೇನ್ರಿ? ಕೇಳದವರಿಗೂ ಕರದು ಕರದು ಹೇಳಿದ್ರೆಲ್ಲ."

ಅನಂತಪ್ಪ ಹಿಂದಕ್ಕೆ ತಿರುಗಿದ. ಚಪ್ಪಲಿ ಮೆಟ್ಟಿಕೊಂಡು ಬಂದ. ಆ ಲಾರಿ ತೊಂಬತ್ತನಾಲ್ಕರವರೆಗೆ ಓಡಿತು. ಜಿನ್ನಪ್ಪ ಬೀಳಗಿ ಗುಡ್ಡವನ್ನು ಎಷ್ಟು ಸಲ ಇಳಿದನೋ ಎಣಿಕೆಯಿಲ್ಲ. ಈಗ ಅವನಿಗೆ ಇಬ್ಬರು ಮೊಮ್ಮಕ್ಕಳು, ಬಲಗೈ ಹೆಬ್ಬೆರಳಲ್ಲಿ ಒಂದು ಉದ್ದ ಉಗುರು.

ಆ ಅನಂತಪ್ಪ ನಾನು. ಯಾರೂ ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ: ಶಿದ್ರಾಮಪ್ಪ ನನ್ನ ಪೈಪು ಕದ್ದಿರಲಿಲ್ಲ. ನನ್ನ ತಮ್ಮನ ಜೀವಕ್ಕೆ ನಾನು ಅವನ ಋಣದಲ್ಲಿದ್ದೇನೆ.